ನಿಮ್ಮ ಕಾಕಿಗೆ ಹೇಳು

ಬನಹಟ್ಟಿಯ ಈರಪ್ಪ ತನ್ನ ತಮ್ಮನ ಹೆಂಡತಿಯೊಂದಿಗೆ ಆರು ವರ್ಷಗಳಲ್ಲಿ ಒಂದು ಮಾತನ್ನೂ ನೇರವಾಗಿ ಆಡಿರಲಿಲ್ಲ. ಅದು ಸಿಟ್ಟಲ್ಲ, ಮರ್ಯಾದೆ. ಭಾವ ಕೆಮ್ಮಿದ ಸದ್ದು ಕೇಳಿದರೆ ಸಂಧ್ಯಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅಡುಗೆಮನೆಯ ಬಾಗಿಲ ಮರೆಗೆ ಸರಿಯುತ್ತಿದ್ದಳು. ಈರಪ್ಪ ಗೋಡೆಯ ಕಡೆ ನೋಡುತ್ತ, "ಶೈಲಾ, ನಿಮ್ಮ ಕಾಕಿಗಿ ಹೇಳು, ಸಂಜಿಗಿ ಇಬ್ಬರು ಊಟಕ್ಕ ಬರತಾರ," ಎನ್ನುತ್ತಿದ್ದ. ಸಂಧ್ಯಾ ಎರಡು ಮಾರು ದೂರದಲ್ಲಿ ನಿಂತು ಅದನ್ನು ಕೇಳಿಸಿಕೊಂಡಿರುತ್ತಿದ್ದಳು. ಆದರೂ ಅವನ ಮಗಳು ಶೈಲಾ ಅದನ್ನು ಇನ್ನೊಮ್ಮೆ ಹೇಳಬೇಕು, ಸಂಧ್ಯಾ ಅವಳ ಮುಖ ನೋಡಿ ಉತ್ತರ ಕೊಡಬೇಕು, ಆ ಉತ್ತರವನ್ನು ಶೈಲಾ ಅಪ್ಪನಿಗೆ ಮುಟ್ಟಿಸಬೇಕು. ಹದಿನಾಲ್ಕನೇ ವಯಸ್ಸಿನಿಂದ ಆ ಕೆಲಸ ಅವಳದು. ಓಣಿಯ ಹಳೆಯ ಮನೆಗಳಲ್ಲೆಲ್ಲ ಹೀಗೇ ನಡೆಯುತ್ತಿದ್ದುದರಿಂದ ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ.

ಮನೆಯ ಪಡಸಾಲೆ ತುಂಬ ನಾಲ್ಕು ಪವರ್‌ಲೂಮುಗಳು. ಕರೆಂಟ್ ಇದ್ದಷ್ಟು ಹೊತ್ತು ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಬೇಕಾದರೆ ಕಿವಿಯ ಹತ್ತಿರ ಬಾಯಿ ತರಬೇಕಿತ್ತು. ಈರಪ್ಪ ಮಗ್ಗದ ಮುಂದೆ, ಅವನ ಹೆಂಡತಿ ಇಂದ್ರವ್ವ ನೂಲಿನ ಕಂಡಿಕೆ ಸುತ್ತುವ ಯಂತ್ರದ ಮುಂದೆ. ಈರಪ್ಪನ ತಾಯಿ, ಶೈಲಾಳ ಆಯಿ, ಮುದುಕಿ ತಾರವ್ವ ಹೊಸ್ತಿಲ ಬಳಿ ಕುಳಿತು ಸಿಕ್ಕುಬಿದ್ದ ನೂಲು ಬಿಡಿಸುತ್ತ, ಒಳಗೆ ಬಂದವರನ್ನೂ ಹೊರಗೆ ಹೋದವರನ್ನೂ ಲೆಕ್ಕ ಹಿಡಿಯುತ್ತಿದ್ದಳು. ಶೈಲಾಳ ಕಾಕಾ ಗೌರೀಶ ಮುಧೋಳದ ಕಚೇರಿಯೊಂದರಲ್ಲಿ ಗುಮಾಸ್ತ. ಬೆಳಿಗ್ಗೆ ಬಸ್ಸಿಗೆ ಹೋದವನು ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಅವನ ಹೆಂಡತಿ ಸಂಧ್ಯಾಳ ತವರು ಪಕ್ಕದ ರಬಕವಿ. ಮನಸ್ಸು ಮಾಡಿದರೆ ನಡೆದುಕೊಂಡೇ ಹೋಗಿ ಬರಬಹುದಾದಷ್ಟು ಹತ್ತಿರ. ಅವಳ ಅಣ್ಣ ಅಮೋಲನದೂ ಮಗ್ಗದ ಮನೆಯೇ.

ಶೈಲಾ ಜಮಖಂಡಿಯ ಕಾಲೇಜಿನಲ್ಲಿ ಬಿಸಿಎ ಕೊನೆಯ ವರ್ಷ ಓದುತ್ತಿದ್ದಳು. ಎರಡು ವರ್ಷದ ಹಿಂದೆ ಕಾಕಾ ಒಂದು ಹಳೆಯ ಲ್ಯಾಪ್‌ಟಾಪ್ ತಂದುಕೊಟ್ಟಾಗ ಅವಳು ಒಂದು ಬ್ಲಾಗು ಶುರು ಮಾಡಿದ್ದಳು. ಹೆಸರು 'ಪಡಸಾಲೆ'. ಬಸ್ಸಿನಲ್ಲಿ ಕೇಳಿದ ಜಗಳ, ಆಯಿ ಅಗಸಿ ಹಿಂಡಿ ಕುಟ್ಟುವ ರೀತಿ, ಕರೆಂಟ್ ಹೋದಾಗ ಓಣಿಯ ಮೇಲೆ ಒಮ್ಮೆಲೇ ಬಂದು ಕೂರುವ ಮೌನ, ಇಂಥದ್ದನ್ನೇ ವಾರಕ್ಕೊಂದರಂತೆ ಬರೆಯುತ್ತಿದ್ದಳು. ಮೊದಲು ಸಿದ್ಧ ಅಂಗಿ ತೊಟ್ಟಂತಿದ್ದ ಬ್ಲಾಗನ್ನು ಆಮೇಲೆ ತಾನೇ ಹೊಲಿಯತೊಡಗಿದಳು. ಫೋನಿನಲ್ಲಿ ವಿಡಿಯೋ ನೋಡಿ ಕೋಡು ಕಲಿತಳು. ಲ್ಯಾಪ್‌ಟಾಪಿನಲ್ಲಿ ಸರಿ ಕಾಣುತ್ತಿದ್ದ ಪುಟ ಫೋನಿನಲ್ಲಿ ಮುದ್ದೆಯಾಗುತ್ತಿತ್ತು. ಅದನ್ನು ಸರಿಮಾಡಲು ಒಂದು ಇಡೀ ಯುಗಾದಿ ರಜೆ ಹೋಯಿತು. ಓದುವವರು ಮೂವತ್ತು ನಲವತ್ತು ಜನ. ಮನೆಯಲ್ಲಿ ಒಬ್ಬಳೇ, ಕಾಕಿ. ರೊಟ್ಟಿ ಬಡಿದು ಕೈ ತೊಳೆದು ಫೋನ್ ಹಿಡಿದು ಕೂತಳೆಂದರೆ, "ಈ ವಾರ ಯಾಕ ಬರದಿಲ್ಲ? ನನಗ ಹೊತ್ತ ಹೋಗೂದು ಹೆಂಗ?" ಎಂದು ಜೋರು ಮಾಡುತ್ತಿದ್ದಳು.

ಆ ಶ್ರಾವಣದಲ್ಲಿ ಈರಪ್ಪ ಸೀರೆಯ ಹೊಸ ದಡಿಯೊಂದನ್ನು ಬರೆದಿದ್ದ. ಕಬ್ಬು ಹೂ ಬಿಟ್ಟಾಗ ಗದ್ದೆಯ ಮೇಲೆ ತೂಗುವ ಸೂಲಂಗಿಯನ್ನೇ ಅಂಚಿಗೆ ತಂದಿದ್ದ. ಚೌಕುಳಿ ಹಾಳೆಯ ಮೇಲೆ ಒಂದೊಂದೇ ಮನೆಗೆ ಬಣ್ಣ ತುಂಬಿ, ಅಳಿಸಿ, ಮತ್ತೆ ತುಂಬಿ, ನಾಲ್ಕು ತಿಂಗಳು ಹಿಡಿದಿತ್ತು. ದೀಪಾವಳಿಗೆ ಒಬ್ಬ ಸಾವಕಾರ ಪೂರ್ತಿ ಲಾಟು ತೆಗೆದುಕೊಳ್ಳುವುದಾಗಿ ಮಾತು ಕೊಟ್ಟಿದ್ದ. ಮೊದಲ ಲಾಟು ಪೇಟೆಗೆ ಹೋಗುವವರೆಗೆ ನಕ್ಷೆಯ ಹಾಳೆ ದೇವರ ಮಾಡದ ಹಿಂದಿನ ಕಪಾಟಿನಲ್ಲಿರುತ್ತಿತ್ತು. ಮನೆಗೆ ಬಂದವರ ಮುಂದೆ ಅದರ ಹೆಸರನ್ನೂ ಎತ್ತುವಂತಿರಲಿಲ್ಲ. ಇದು ಆ ಮನೆಯ ಮಕ್ಕಳಿಗೆ ನಡೆಯುವುದನ್ನು ಕಲಿಯುವಾಗಲೇ ಗೊತ್ತಾಗುವ ಸಂಗತಿ.

ಶೈಲಾಳಿಗೂ ಗೊತ್ತಿತ್ತು. ಆದರೆ ಅವಳು ಬ್ಲಾಗಿನಲ್ಲಿ ಸೀರೆಯನ್ನು ಹಾಕಲಿಲ್ಲ, ಹಾಳೆಯ ಫೋಟೊ ಹಾಕಲಿಲ್ಲ. ಆ ವಾರ ಅವಳು ಪುಟವನ್ನು ಅಡ್ಡ ಉದ್ದ ಮನೆಗಳಾಗಿ ಹಂಚುವುದನ್ನು ಕಲಿಯುತ್ತಿದ್ದಳು. ಇದು ಅಪ್ಪನ ಚೌಕುಳಿ ಹಾಳೆಯೇ ಅಲ್ಲವೇ ಎಂದು ಹೊಳೆದು ಕೈ ನಿಲ್ಲಲಿಲ್ಲ. ಕಪಾಟು ತೆಗೆದು, ನೋಡಿ, ಒಂದೊಂದು ಮನೆಗೂ ಒಂದೊಂದು ಸಾಲು ಕೋಡು ಬರೆದಳು. ಮೂರು ದಿನದ ಮೇಲೆ ಬ್ಲಾಗಿನ ಹೊಸ ಪುಟದಲ್ಲಿ ಸೂಲಂಗಿ ಎದ್ದು ನಿಂತಿತು. ಅದರ ಮೇಲೆ ಬೆರಳಿಟ್ಟರೆ ಬಣ್ಣ ಬದಲಾಗುತ್ತಿತ್ತು. ಅದು ಅವಳ ಕೋಡು. ಅವಳು ಅದನ್ನು ಹಾಗೆಯೇ ಎಣಿಸಿದಳು.

ಕಾಕಿ ಫೋನನ್ನು ಹತ್ತಿರ ಹಿಡಿದು ನೋಡಿದಳು. "ಯವ್ವಾ, ಇದನ್ನ ನೀ ಮಾಡಿದ್ಯಾ? ಖರೆ ಹೇಳು."

"ನಾನ ಮತ್ತ."

"ಲೇ ಹುಡುಗಿ, ನನ್ನ ಕೈಗಿ ಬರೇ ಹಿಟ್ಟ ಹತ್ತತೈತಿ. ನಿನ್ನ ಕೈಗಿ ಏನೇನೋ ಹತ್ತೇತಿ ನೋಡು."

ಅದೇ ಪುಟದ ಲಿಂಕನ್ನು ಶೈಲಾ ಜಮಖಂಡಿಯ ಒಂದು ಸಣ್ಣ ಆಫೀಸಿಗೂ ಕಳಿಸಿದಳು. ಅಂಗಡಿಗಳಿಗೆ, ಶಾಲೆಗಳಿಗೆ ವೆಬ್‌ಸೈಟ್ ಮಾಡಿಕೊಡುವ ಅವರು ಇಬ್ಬರು ಕಲಿಯುವವರನ್ನು ತೆಗೆದುಕೊಳ್ಳುವವರಿದ್ದರು. ಅಲ್ಲಿಯ ಪೂನಮ್ ಮೇಡಮ್ಮು, ಸರ್ಟಿಫಿಕೇಟ್ ಬೇಡ, ನೀವೇ ಮಾಡಿದ್ದೇನಾದರೂ ಇದ್ದರೆ ತೋರಿಸಿ ಎಂದಿದ್ದಳು.

ಗಣೇಶನ ಹಬ್ಬ ಮುಗಿದ ವಾರ ಈರಪ್ಪ ಸಾವಕಾರನ ಅಂಗಡಿಯಿಂದ ಮಧ್ಯಾಹ್ನವೇ ತಿರುಗಿ ಬಂದ. ಬಂದವನೇ ನಾಲ್ಕೂ ಮಗ್ಗಗಳ ಬಟನ್ ಆರಿಸಿದ. ತಾರವ್ವ ಕತ್ತೆತ್ತಿದಳು. ಇಂದ್ರವ್ವ ಕಂಡಿಕೆ ಬಿಟ್ಟು ಎದ್ದಳು. ಈರಪ್ಪ ಬಗಲಲ್ಲಿದ್ದ ಕಾಗದದ ಪೊಟ್ಟಣ ಬಿಚ್ಚಿ ಒಂದು ಸೀರೆಯನ್ನು ನೆಲದ ಮೇಲೆ ಹರವಿದ. ಬಣ್ಣ ಬೇರೆ, ದಡಿ ಮಾತ್ರ ಸೂಲಂಗಿ.

"ಎಲ್ಲಿದಿದು?" ಎಂದಳು ತಾರವ್ವ.

"ರಬಕವಿದು. ಅಮೋಲನ ಮಗ್ಗದ್ದು. ಹದಿನೈದ ದಿನದ ಹಿಂದನ ಪ್ಯಾಟಿಗಿ ಬಂದೈತಂತ. ಸಾವಕಾರ ಅಂದ, ಇದನ್ನ ನಾ ಆಗಲೇ ತಗೊಂಡೇನಿ ಈರಪ್ಪಾ, ನಿಂದ ತಗೊಂಡ ಏನ್ ಮಾಡ್ಲಿ ಅಂತ."

ಈರಪ್ಪ ಕುಕ್ಕರುಗಾಲಿನಲ್ಲಿ ಕುಳಿತು ದಡಿಯ ಮೇಲೆ ಹೆಬ್ಬೆರಳು ಎಳೆಯುತ್ತ ಹೋದ. ಒಂದು ಕಡೆ ಬೆರಳು ನಿಂತಿತು. ಅವನು ಮೂಗಿನಲ್ಲೇ ನಕ್ಕ.

"ಕದ್ದವಗ ಎಣಸಾಕೂ ಬಂದಿಲ್ಲ. ಈ ಗಣಿಕಿ ಹತ್ರ ನೋಡು. ಎಡಕ್ಕ ಒಂದು ಮನಿ ಹೆಚ್ಚಿಗಿ ಐತಿ. ನನ್ನ ಹಾಳ್ಯಾಗ ಹಂಗಿಲ್ಲ."

ಶೈಲಾ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದಳು. ಆಗತಾನೇ ಕಾಲೇಜಿನಿಂದ ಬಂದಿದ್ದಳು. ಕಬ್ಬಿನ ಗಣಿಕೆಯ ಹತ್ತಿರ ಆರು ಮನೆ ಇರಬೇಕಾದಲ್ಲಿ ಅವಳು ಏಳು ಬರೆದಿದ್ದಳು. ಆಮೇಲೆ ಗಮನಕ್ಕೆ ಬಂದರೂ, ಯಾರು ಎಣಿಸುತ್ತಾರೆ ಎಂದು ಹಾಗೆಯೇ ಬಿಟ್ಟಿದ್ದಳು.

"ಶೈಲಾ," ಎಂದ ಈರಪ್ಪ, ಸೀರೆಯಿಂದ ಕಣ್ಣೆತ್ತದೆ. "ನಿಮ್ಮ ಕಾಕಿನ್ನ ಕೇಳು. ಹಾಳಿ ಆಕಿ ಅಣ್ಣನ ಕೈಗಿ ಹೆಂಗ ಹೋತು ಅಂತ."

ಅಡುಗೆಮನೆಯ ಬಾಗಿಲ ಮರೆಯಲ್ಲಿ ಬಳೆ ಸದ್ದಾಯಿತು. ಶೈಲಾ ಅಲ್ಲಿಗೆ ಹೋದಳು. ಕಾಕಿಯ ಕೈಯೆಲ್ಲ ಜೋಳದ ಹಿಟ್ಟು.

"ಕೇಳಿಸೇತಿ," ಎಂದಳು ಸಂಧ್ಯಾ ಮೆಲ್ಲಗೆ. ಅವಳು ಶೈಲಾಳನ್ನೇ ಸ್ವಲ್ಪ ಹೊತ್ತು ನೋಡಿದಳು. "ನಾ ಹಾಳಿ ಮುಟ್ಟಿಲ್ಲ ಅಂತ ಹೇಳು."

ಶೈಲಾ ತಿರುಗಿ ಬಂದು ಅಪ್ಪನಿಗೆ ಹೇಳಿದಳು. "ಹಾಳಿ ಮುಟ್ಟಿಲ್ಲಂತ."

"ಮುಟ್ಟದ ಇದ್ರ ಹಾಳಿಗಿ ಕಾಲ ಬಂದೂವೇನು?" ಎಂದಳು ತಾರವ್ವ.

ಅಂದು ಸಂಜೆಯೇ ಶೈಲಾ ಆ ಪುಟವನ್ನು ಬ್ಲಾಗಿನಿಂದ ತೆಗೆದುಹಾಕಿದಳು. ತೆಗೆದುಹಾಕುವುದಕ್ಕೆ ಎರಡು ಸಲ ಬೆರಳೊತ್ತಿದರೆ ಸಾಕಾಯಿತು.

ಮರುದಿನದಿಂದ ಮನೆಯ ಕೆಲಸಗಳು ಸದ್ದಿಲ್ಲದೆ ಬೇರೆ ಬೇರೆ ಕೈಗಳಿಗೆ ಹೋದವು. ಪಡಸಾಲೆಯ ಕಸ ಗುಡಿಸುತ್ತಿದ್ದವಳು ಸಂಧ್ಯಾ. ಈಗ ಇಂದ್ರವ್ವ ಅವಳಿಗಿಂತ ಮೊದಲೇ ಎದ್ದು ಗುಡಿಸಿ ಮುಗಿಸುತ್ತಿದ್ದಳು. ಮಗ್ಗದವರಿಗೆ ಚಹಾ ಒಯ್ಯುವ ಕೆಲಸ ಶೈಲಾಳಿಗೆ ಬಂತು. ದೇವರ ಮಾಡದ ಕಪಾಟಿಗೆ ಬೀಗ ಬಿತ್ತು, ಬೀಗದ ಕೈ ತಾರವ್ವನ ಸೊಂಟಕ್ಕೆ. ಸಂಧ್ಯಾಳ ಪಾಲಿಗೆ ಉಳಿದದ್ದು ಒಲೆ, ಬಚ್ಚಲು, ಬಟ್ಟೆ.

ಊಟದ ಹೊತ್ತು ಕಷ್ಟದ್ದಾಯಿತು. ಒಂದು ದಿನ ತಾರವ್ವ ಬದನೆಕಾಯಿ ಪಲ್ಯ ಬಾಯಿಗಿಟ್ಟುಕೊಂಡು, "ಉಪ್ಪ ಸುದ್ದಾ ರಬಕವಿಗಿ ಹೋಗಾಕತ್ತೇತೇನ?" ಎಂದಳು.

ಗೌರೀಶ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ. "ಯವ್ವಾ, ಉಂಡ ಏಳು."

"ನನ್ನ ಮನ್ಯಾಗ ನಾ ಮಾತಾಡಬಾರದೇನಪಾ?"

"ಮಾತಾಡು. ಆದ್ರ ಖರೆ ಗೊತ್ತಿದ್ರ ಮಾತಾಡು."

"ಅಣ್ಣ ನಾಲ್ಕ ತಿಂಗಳ ಕಣ್ಣ ಕಳಕೊಂಡ ಬರದಾನ. ಹೆಣ್ತಿ ಅಣ್ಣ ಅದನ್ನ ನೇದಾನ. ಇನ್ನೇನ ಖರೆ ಬೇಕ ನಿನಗ?"

"ಅಣ್ಣಾ," ಎಂದ ಗೌರೀಶ ಈರಪ್ಪನ ಕಡೆ ತಿರುಗಿ. "ನೀ ಏನಂತಿ?"

ಈರಪ್ಪ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ. "ನಾ ಏನೂ ಅಂದಿಲ್ಲಲ್ಲಪಾ."

"ಅದ ಮತ್ತ. ನೀ ಏನೂ ಅನ್ನೂದಿಲ್ಲ. ನೀ ಅನ್ನದ ಇದ್ದದ್ದನ್ನ ಅವ್ವ ಅಂತಾಳ."

ಶೈಲಾ ತಟ್ಟೆಯಲ್ಲಿದ್ದ ಚಟ್ನಿಯನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡುತ್ತಿದ್ದಳು. ಈಗ ಹೇಳಬಹುದು, ಈಗ ಹೇಳಬೇಕು ಎಂದುಕೊಂಡಳು. "ನಿನಗ ಇನ್ನೊಂದ ರೊಟ್ಟಿ?" ಎಂದು ಅವ್ವ ಕೇಳಿದಳು. "ಬ್ಯಾಡ," ಎಂದಳು. ಬಾಯಿಂದ ಹೊರಬಂದದ್ದು ಅಷ್ಟೇ.

ಅಪ್ಪನ ಸಿಟ್ಟು ಅವಳಿಗೆ ಗೊತ್ತಿತ್ತು. ಅವನು ಕೂಗಾಡುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ತೀರಿಹೋದ ದೊಡ್ಡಪ್ಪನ ಮಗಳು ಪ್ರೀತಿ ಹತ್ತನೇ ತರಗತಿ ಮುಗಿಸಿದಾಗ ಏನೋ ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದಳು. "ಇನ್ನ ಸಾಕು" ಎಂದು ಅಪ್ಪನ ಬಾಯಿಂದ ಒಂದು ಮಾತು ಬಂತು, ಅವಳು ಕಾಲೇಜಿನ ಮೆಟ್ಟಿಲು ಹತ್ತಲೇ ಇಲ್ಲ. ಶೈಲಾಳ ಪರೀಕ್ಷೆಗೆ ಎರಡು ತಿಂಗಳಿತ್ತು.

ಮುಂದಿನ ವಾರ ಪೂನಮ್ ಮೇಡಮ್ಮಿನ ಫೋನ್ ಬಂತು. ಶೈಲಾ ಬಸ್ ನಿಲ್ದಾಣದಲ್ಲಿದ್ದಳು.

"ಶೈಲಾ, ನಿಮ್ಮ ಸೈಟಿನ್ಯಾಗ ಆ ದಡಿ ಪೇಜ್ ತಗದ್ರ ಖಾಲಿ ಬರಾಕತ್ತೈತಿ."

"ಅದನ್ನ ತಗದೇನ್ರಿ ಮೇಡಮ್."

"ಯಾಕ್ರಿ? ಅದನ್ನ ನೋಡಿನ ನಿಮ್ಮನ್ನ ಕರೀಬೇಕಂತ ಮಾಡಿದ್ವಿ. ನಮ್ಮ ಸರ್‌ಗಿ ತೋರಸೂದಿತ್ತು."

"ಅದರಾಗ ತಪ್ಪಿತ್ರಿ."

"ತಪ್ಪಿದ್ರ ತಿದ್ದಿ ಹಾಕ್ರಲಾ. ದಸರಾ ಮುಗಿದ ಮ್ಯಾಲ ಬರ್ರಿ, ಆದ್ರ ಆ ಪೇಜ್ ಬೇಕು."

ಹೂಂ ಎಂದಳು. ಬಸ್ಸು ಬಂದು ಹೋಯಿತು. ಅವಳು ಹತ್ತಲಿಲ್ಲ, ಮುಂದಿನ ಬಸ್ಸಿಗೆ ಬಂದಳು. ತಡವಾದದ್ದಕ್ಕೆ ಆಯಿ ಹೊಸ್ತಿಲಲ್ಲೇ ಬೈದಳು. ಬ್ಲಾಗಿನಲ್ಲಿ ಎರಡು ವಾರದಿಂದ ಏನೂ ಬರೆದಿರಲಿಲ್ಲ. ಸಾವಳಗಿಯ ಓದುಗರೊಬ್ಬರು, "ಪಡಸಾಲೆಯವರು ಆರಾಮಾಗಿದ್ದೀರಾ?" ಎಂದು ಬರೆದಿದ್ದರು. ಅದಕ್ಕೂ ಅವಳು ಉತ್ತರಿಸಲಿಲ್ಲ.

ಒಂದು ಭಾನುವಾರ ಕರೆಂಟ್ ಇರಲಿಲ್ಲ. ಸಂಧ್ಯಾ ಮಾಳಿಗೆಯ ಮೇಲೆ ಬಟ್ಟೆ ಒಣಹಾಕಲು ಹೋಗಿದ್ದಳು. ಶೈಲಾ ಇನ್ನೊಂದು ಬುಟ್ಟಿ ಹೊತ್ತು ಹಿಂದೆಯೇ ಹೋದಳು. ಇಬ್ಬರೂ ಈರಪ್ಪನ ಧೋತರದ ಎರಡು ತುದಿ ಹಿಡಿದು ಹಿಂಡಿದರು.

"ಕಾಕಿ, ಅದು ನನ್ನಿಂದ ಆಗೇತಿ," ಎಂದಳು ಶೈಲಾ. "ಆ ತಪ್ಪ ಮನಿ ನಂದು. ನನ್ನ ಪೇಜಿನ್ಯಾಗ ಏಳ ಇತ್ತು. ಯಾರೋ ಅಲ್ಲಿಂದನ ತಗದಾರ."

ಸಂಧ್ಯಾ ಧೋತರವನ್ನು ಜಾಡಿಸಿ ಹಗ್ಗಕ್ಕೆ ಹಾಕಿದಳು. "ನನಗ ಗೊತ್ತೈತಿ."

"ಗೊತ್ತೈತಿ?"

"ಯಾರೋ ಅಲ್ಲ ತಗದದ್ದು. ನಾನ ಕಳಿಸಿದ್ದೆ, ರಬಕವಿ ವೈನಿಗಿ, ನಮ್ಮ ಅಣ್ಣನ ಹೆಣ್ತಿಗಿ. ನಮ್ಮ ಶೈಲಾ ಮಾಡ್ಯಾಳ ನೋಡು ಅಂತ ಲಿಂಕ್ ಹಾಕಿದ್ದೆ. ಆಕಿ ನಮ್ಮ ಅಣ್ಣಗ ತೋರಿಸ್ಯಾಳ. ನಮ್ಮ ಅಣ್ಣಗ ದಡಿ ಕಂಡ್ರ ದಡೀನ ಕಾಣತೈತಿ, ಮತ್ತೇನ ಕಾಣತೈತಿ?"

ಶೈಲಾ ಬುಟ್ಟಿಯ ಅಂಚು ಹಿಡಿದು ಕುಳಿತುಬಿಟ್ಟಳು. "ಮತ್ತ ಯಾಕ ಹೇಳಲಿಲ್ಲ ನೀ?"

"ಏನಂತ ಹೇಳಲಿ? ಅಣ್ಣನ ಹೆಸರ ಹೇಳಿದ್ರ ನಾ ಕೊಟ್ಟಂಗನ ಆತು. ನಿನ್ನ ಹೆಸರ ಹೇಳಿದ್ರ ನಿನ್ನ ಸಾಲಿ ನಿಂತು. ಅವ್ರಿಗಿ ಬ್ಲಾಗ್ ಅಂದ್ರೇನು ತಿಳಿಯಂಗಿಲ್ಲ. ಫೋನ್ಯಾಗ ಹುಡುಗಿ ಮನಿ ಮಾತ ಊರಿಗೆಲ್ಲ ಹೇಳತಾಳ ಅಂತಷ್ಟ ತಿಳೀತೈತಿ." ಸಂಧ್ಯಾ ಕ್ಲಿಪ್ಪೊಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಇನ್ನೊಂದು ಸೀರೆ ಹರವಿದಳು. ಕ್ಲಿಪ್ಪು ತೆಗೆದು, "ಪರೀಕ್ಷಾ ಮುಗಿಯೂತನಾ ಬಾಯಿ ಮುಚ್ಚಕೊಂಡಿರು. ನನಗ ಅಂದದ್ದು ನನಗಿರಲಿ," ಎಂದಳು.

ಶೈಲಾ ಬಾಯಿ ಮುಚ್ಚಿಕೊಂಡಳು. ಕಾಕಿಯೇ ಹೇಳಿದ್ದಾಳೆ ಎಂಬುದು ಮೊದಲ ಎರಡು ದಿನ ಹಗುರ ಮಾಡಿತು. ಮೂರನೇ ದಿನ ಆಯಿ, "ನಿಮ್ಮ ಕಾಕಿಗಿ ಹೇಳು, ಮಡಿ ನೀರ ಆಕಿ ಮುಟ್ಟೂದು ಬ್ಯಾಡ," ಎಂದಾಗ ಅವಳು ಅದನ್ನು ಹೋಗಿ ಹೇಳಬೇಕಾಯಿತು. ಹೇಳುವಾಗ ಕಾಕಿಯ ಮುಖ ನೋಡಲಾಗಲಿಲ್ಲ. ಕಾಕಿ "ಹೂಂ" ಎಂದಳು. ಅವಳು ಮಾತು ಕಡಿಮೆ ಮಾಡುತ್ತ ಬಂದಿದ್ದಳು. ಫೋನನ್ನು ಅಡುಗೆಮನೆಯ ನಾಗೊಂದಿಗೆಯ ಮೇಲಿಟ್ಟರೆ ದಿನವಿಡೀ ಅಲ್ಲಿಯೇ ಇರುತ್ತಿತ್ತು.

ದಸರೆಯ ಎರಡನೇ ದಿನ ಗೌರೀಶ ಚಹಾ ಕುಡಿಯುತ್ತ, ಹವಾಮಾನದ ಮಾತಾಡಿದಷ್ಟು ಸಲೀಸಾಗಿ ಹೇಳಿದ. "ಮುಧೋಳದಾಗ ಎರಡ ಖೋಲಿ ಮನಿ ನೋಡೇನಿ. ಒಂದನೇ ತಾರೀಖಿಗಿ ಹೋಗತೇವಿ."

ಇಂದ್ರವ್ವ ಚಹಾದ ಕಿಟ್ಲಿ ಕೆಳಗಿಟ್ಟಳು. "ಯಾಕ ಮಾರಾಯಾ? ದಿನಾ ಬಸ್ಸಿಗಿ ಹೊಕ್ಕಿದ್ದಿ ಬರತಿದ್ದಿ."

"ಬಸ್ಸಿನ ತ್ರಾಸ ಅಲ್ಲ, ವೈನಿ."

"ಹೊಕ್ಕಾನ ಬಿಡು," ಎಂದಳು ತಾರವ್ವ ನೂಲಿನ ಗಂಟಿಗೆ ಕಣ್ಣಿಟ್ಟು. "ಮುಧೋಳದಾಗ ಮಗ್ಗ ಇಲ್ಲ. ಕೊಡಾಕೂ ಏನೂ ಇರಂಗಿಲ್ಲ." ಗಂಟು ಬಿಡಿಸುವ ಬದಲು ಅವಳು ನೂಲನ್ನು ಹರಿದುಬಿಟ್ಟಳು.

ಈರಪ್ಪ ತಮ್ಮನನ್ನು ನೋಡಿದ. ಬಾಯಿ ತೆರೆದ. ಆಗಲೇ ಕರೆಂಟ್ ಬಂದು ನಾಲ್ಕು ಮಗ್ಗಗಳು ಒಟ್ಟಿಗೆ ಹೊಡೆದುಕೊಳ್ಳತೊಡಗಿದವು. ಅವನು ಎದ್ದು ಅಲ್ಲಿಗೆ ಹೋದ.

ಆಯುಧಗಳನ್ನು ಪೂಜಿಸುವ ಖಂಡೆ ಪೂಜೆಯ ದಿನ ಮಗ್ಗಗಳಿಗೆ ಬಿಡುವು. ಹಿಂದಿನ ದಿನವೇ ಎಣ್ಣೆ ಒರೆಸಿ, ಧೂಳು ಹೊಡೆದು, ನಾಲ್ಕಕ್ಕೂ ಚೆಂಡು ಹೂವಿನ ಮಾಲೆ ಕಟ್ಟಿದ್ದರು. ಲಾಳಿಗಳನ್ನು, ಕತ್ತರಿಯನ್ನು, ಈರಪ್ಪನ ಅಳತೆಕೋಲನ್ನು ಮಣೆಯ ಮೇಲೆ ಸಾಲಾಗಿ ಇಟ್ಟು ವಿಭೂತಿ ಹಚ್ಚಿದರು. ಹೋಳಿಗೆಯ ವಾಸನೆ ಹೊರಗಿನವರೆಗೆ ಬರುತ್ತಿತ್ತು. ಬೆಳಗಿನಿಂದ ಅವನ್ನು ಮಾಡುತ್ತಿದ್ದವಳು ಸಂಧ್ಯಾ. ಪ್ರತಿ ವರ್ಷ ಮನೆಯ ಹೆಂಗಸರೆಲ್ಲ ಒಂದೊಂದು ಮಗ್ಗಕ್ಕೆ ಕುಂಕುಮ ಹಚ್ಚುವುದು ಪದ್ಧತಿ. ನಾಲ್ಕನೆಯದು ಸಂಧ್ಯಾಳದು, ಅವಳು ಬಂದ ವರ್ಷ ಕೊಂಡದ್ದು.

ಸಂಧ್ಯಾ ಹೋಳಿಗೆಯ ತಟ್ಟೆ ಹಿಡಿದು ಪಡಸಾಲೆಯ ಹೊಸ್ತಿಲವರೆಗೆ ಬಂದಳು. ತಾರವ್ವ ಕೈಯೆತ್ತಿ ತಡೆದಳು.

"ಶೈಲಾ, ತಾಟ ಇಸಗೊ. ನಿಮ್ಮ ಕಾಕಿಗಿ ಹೇಳು, ಒಳಗ ಇರು ಅಂತ. ಮಗ್ಗ ಮುಟ್ಟೂದು ಬ್ಯಾಡ."

ಎಲ್ಲರೂ ಶೈಲಾಳನ್ನು ನೋಡಿದರು. ಅವಳು ಹೋಗಿ ತಟ್ಟೆ ತೆಗೆದುಕೊಳ್ಳಬೇಕಿತ್ತು, ಮಾತನ್ನು ಮುಟ್ಟಿಸಬೇಕಿತ್ತು. ಅವಳು ನಿಂತಲ್ಲೇ ನಿಂತಳು.

"ನಾ ಹೇಳಂಗಿಲ್ಲ."

"ಏನಂದಿ?"

"ನಾ ಹೇಳಂಗಿಲ್ಲ, ಆಯಿ. ದಡಿ ಹೊರಗ ಹಾಕಿದಾಕಿ ನಾನು. ಕಂಪ್ಯೂಟರಿನ್ಯಾಗ ಬರದು ಎಲ್ಲಾರೂ ನೋಡೂ ಹಂಗ ಇಟ್ಟಿದ್ದೆ. ಯಾರ ಬೇಕಾದ್ರೂ ನೋಡಬಹುದಿತ್ತು."

ಸಂಧ್ಯಾ ತಲೆಯಾಡಿಸಿದಳು, ಬೇಡ ಎಂಬಂತೆ. ತಾರವ್ವ ಅದನ್ನು ನೋಡಿದಳು. "ಹೂಂ. ನೋಡಿದೇನ್ ಇಂದ್ರವ್ವಾ? ಕಾಕಿ ಕಲಿಸ್ಯಾಳ, ಮಗಳು ಒಪ್ಪಸಾಕತ್ತಾಳ. ಎಲ್ಲೈತಿ ತೋರಸು ಹಂಗಂದ್ರ."

"ತಗದ ಹಾಕೇನಿ. ಅಪ್ಪ ಸೀರಿ ತಂದ ದಿನಾನ ಅಳಿಸಿದೆ."

"ಛಲೋ ಆತು. ಇಲ್ಲದ್ದನ್ನ ಹೇಳಾಕ ಏನ್ ತ್ರಾಸ?"

ಶೈಲಾಳಿಗೆ ಇದು ಹೊಳೆದೇ ಇರಲಿಲ್ಲ. ಇಷ್ಟು ದಿನ ಹೇಳಿದರೆ ಏನಾದೀತು ಎಂದು ಹೆದರಿದವಳಿಗೆ, ಹೇಳಿದ್ದನ್ನು ನಂಬದಿದ್ದರೆ ಎಂಬ ಹೆದರಿಕೆ ಬಂದಿರಲಿಲ್ಲ. ಅವಳು ಅಪ್ಪನ ಕಡೆ ತಿರುಗಿದಳು. ಈರಪ್ಪ ವಿಭೂತಿಯ ಬಟ್ಟಲು ಹಿಡಿದು ನಿಂತಿದ್ದ.

"ಬರದದ್ದು ನಿನ್ನ ಡಬ್ಬ್ಯಾಗ ಐತೇನು?" ಎಂದು ಕೇಳಿದ.

"ಐತಿ."

"ತಾ."

ಅವಳು ಲ್ಯಾಪ್‌ಟಾಪ್ ತಂದು ಮಣೆಯ ಪಕ್ಕದಲ್ಲಿಟ್ಟಳು. ಅದು ತೆರೆದುಕೊಳ್ಳಲು ಯಾವಾಗಲೂ ಹೊತ್ತು ತೆಗೆದುಕೊಳ್ಳುತ್ತಿತ್ತು. ಅಂದು ಇನ್ನೂ ಹೆಚ್ಚು ತೆಗೆದುಕೊಂಡಿತು. ಸ್ಕ್ರೀನಿನ ಮೇಲೆ ಸೂಲಂಗಿ ಬಂತು. ಈರಪ್ಪ ಕುಕ್ಕರುಗಾಲಿನಲ್ಲಿ ಕುಳಿತ. ಕನ್ನಡಕ ಏರಿಸಿ ತುದಿಯಿಂದ ಎಣಿಸುತ್ತ ಬಂದ. ತುಟಿಗಳು ಅಲುಗುತ್ತಿದ್ದವು. ಗಣಿಕೆಯ ಹತ್ತಿರ ಬಂದು ನಿಲ್ಲಿಸಿದ. ಮತ್ತೊಮ್ಮೆ ಎಣಿಸಿದ.

"ಏಳು," ಎಂದ.

ಬಾಗಿಲಲ್ಲಿ ಹೋಳಿಗೆಯ ತಟ್ಟೆ ಸಂಧ್ಯಾಳ ಕೈಯಲ್ಲೇ ಇತ್ತು.

"ಅಣ್ಣ ಸೀರಿ ತಂದು ಎಷ್ಟ ದಿನಾ ಆತು?" ಎಂದು ಗೌರೀಶ ಕೇಳಿದ. ಅವನು ಶೈಲಾಳನ್ನು ನೋಡುತ್ತಿದ್ದ. "ನಾಲ್ಕ ವಾರ. ನಾಲ್ಕ ವಾರ ನಮ್ಮ ಜೋಡಿ ಕುಂತ ಉಂಡಿ ನೀ."

"ಹೌದು ಕಾಕಾ."

ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ.

"ಆ ಡಬ್ಬಿ ಒಲಿಗಿ ಹಾಕ್ರಿ ಮೊದಲ," ಎಂದಳು ತಾರವ್ವ. ದನಿಯಲ್ಲಿ ಮೊದಲಿನ ಕಸುವಿರಲಿಲ್ಲ.

"ಯವ್ವಾ, ಸುಮ್ಮನಿರು," ಎಂದ ಈರಪ್ಪ. ಮಗಳಿಗೆ, "ಅದು ನಿಮ್ಮ ಕಾಕಾ ಕೊಡಿಸಿದ್ದು. ಒಲಿಗಿ ಹಾಕಾಕ ನಾವ್ಯಾರು. ಪರೀಕ್ಷಾ ಬರಿ. ನಿನ್ನ ಬರಿಯೂದು ನೀ ಬರಕೊ. ಮಗ್ಗದ್ದು ಹಾಕಬ್ಯಾಡ," ಎಂದ. ಅಷ್ಟನ್ನು ಹೇಳುವಾಗ ಒಮ್ಮೆಯೂ ಅವಳ ಕಡೆ ನೋಡಲಿಲ್ಲ. ಅಮೋಲನ ಕೈಗೆ ಅದು ಹೇಗೆ ಹೋಯಿತು ಎಂದು ಅವನು ಕೇಳಲಿಲ್ಲ. ಶೈಲಾ ಹೇಳಲೂ ಇಲ್ಲ.

ನಾಲ್ಕನೇ ಮಗ್ಗಕ್ಕೆ ಆ ವರ್ಷ ಕುಂಕುಮ ಹಚ್ಚಿದವಳು ಇಂದ್ರವ್ವ. "ಬಾರವ್ವಾ," ಎಂದು ಅವಳು ಎರಡು ಸಲ ಕರೆದರೂ ಸಂಧ್ಯಾ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋಗಿದ್ದಳು.

ಮರುದಿನ ಬನ್ನಿ ಹಬ್ಬ. ಸಂಜೆ ಊರೆಲ್ಲ ಹೊಸ ಬಟ್ಟೆ ತೊಟ್ಟು, ಬನ್ನಿ ಎಲೆಯನ್ನು ಒಬ್ಬರಿಗೊಬ್ಬರು ಕೊಟ್ಟು, ಕಿರಿಯರು ಹಿರಿಯರ ಕಾಲಿಗೆ ಬೀಳುವ ಹೊತ್ತು. ಬೆಳಿಗ್ಗೆ ಶೈಲಾ ಪೂನಮ್ ಮೇಡಮ್ಮಿಗೆ ಫೋನ್ ಮಾಡಿ, ಆ ಪೇಜ್ ಮತ್ತೆ ಹಾಕಲು ಬರುವುದಿಲ್ಲ, ಅದು ನಮ್ಮ ಅಪ್ಪನ ನಕ್ಷೆ ಎಂದು ಹೇಳಿದ್ದಳು. ಹಾಗಾದರೆ ಬಂದು ನಮ್ಮೆದುರೇ ಬೇರೆ ಏನಾದರೂ ಮಾಡಿ ತೋರಿಸಿ, ಆಮೇಲೆ ನೋಡೋಣ ಎಂದಿದ್ದಳು ಪೂನಮ್. ಕೊಡುತ್ತೇವೆ ಎಂದೂ ಅಲ್ಲ, ಇಲ್ಲವೆಂದೂ ಅಲ್ಲ. ಅದನ್ನು ಮನೆಯಲ್ಲಿ ಯಾರಿಗೂ ಹೇಳುವ ಸಮಯ ಸಿಕ್ಕಿರಲಿಲ್ಲ.

ತಾರವ್ವ ಮೂಲೆಯಲ್ಲಿ ಗೋಡೆಗೊರಗಿ ಕುಳಿತಿದ್ದಳು. ಸಂಧ್ಯಾ ಬಂದು ಬನ್ನಿ ಕೊಟ್ಟು ಕಾಲು ಮುಟ್ಟಿದಳು. ಮುದುಕಿ ಅವಳ ತಲೆಯ ಮೇಲೆ ಕೈಯಿಟ್ಟಳು, ತೆಗೆಯಲು ಮರೆತವಳಂತೆ ಹಾಗೆಯೇ ಇಟ್ಟುಕೊಂಡಳು. ಸಂಧ್ಯಾ ತಾನಾಗಿ ತಲೆ ಸರಿಸಿಕೊಂಡು ಎದ್ದು ಅಡುಗೆಮನೆಗೆ ಹೋದಳು. ಶೈಲಾ ಅಲ್ಲಿ ಚಹಾ ಸೋಸುತ್ತಿದ್ದಳು. ಮೂಲೆಯಲ್ಲಿ ಎರಡು ಗೋಣಿಚೀಲಗಳಲ್ಲಿ ಪಾತ್ರೆಗಳು ಆಗಲೇ ತುಂಬಿದ್ದವು.

ಈರಪ್ಪ ಅಡುಗೆಮನೆಯ ಬಾಗಿಲಿಗೆ ಬಂದ. ಕೆಮ್ಮಲಿಲ್ಲ. ಸಂಧ್ಯಾಳಿಗೆ ಮರೆಗೆ ಸರಿಯಲು ಹೊತ್ತೇ ಸಿಗಲಿಲ್ಲ; ಸೆರಗನ್ನಷ್ಟೇ ತಲೆಗೆ ಎಳೆದುಕೊಂಡಳು. ಅವನ ಅಂಗೈಯಲ್ಲಿ ಬನ್ನಿ ಎಲೆಗಳಿದ್ದವು.

"ಸಂಧ್ಯಾ," ಎಂದ.

ಶೈಲಾಳ ಕೈಯಲ್ಲಿದ್ದ ಸೋಸುವ ಬಟ್ಟೆ ಹಾಗೆಯೇ ನಿಂತಿತು. ಅಪ್ಪನ ಬಾಯಲ್ಲಿ ಆ ಹೆಸರನ್ನು ಅವಳು ಯಾವತ್ತೂ ಕೇಳಿರಲಿಲ್ಲ.

"ತಪ್ಪ ನಮ್ಮದಾತು," ಎಂದ ಈರಪ್ಪ. ಪ್ರತಿ ಮಾತನ್ನೂ ಭಾರ ಎತ್ತಿಟ್ಟಂತೆ ಹೇಳುತ್ತಿದ್ದ. "ಕೇಳಬೇಕಿತ್ತು, ಕೇಳಲಿಲ್ಲ. ಮನಿ ಬಿಟ್ಟ ಹೋಗಬ್ಯಾಡ್ರಿ. ನಿನಗ ಹೇಳಾಕತ್ತೇನವ್ವಾ."

ಸಂಧ್ಯಾ ಮುಂದೆ ಬಂದು ಎಲೆಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕಣ್ಣಿಗೆ ಒತ್ತಿಕೊಂಡಳು. ಬಾಗಿ ಅವನ ಕಾಲಿನ ಮುಂದಿನ ನೆಲ ಮುಟ್ಟಿದಳು. ಎದ್ದು ಎರಡು ಹೆಜ್ಜೆ ಹಿಂದೆ ಸರಿದು, ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು, ಶೈಲಾಳ ಕಡೆ ತಿರುಗಿದಳು.

"ಶೈಲಾ," ಎಂದಳು. ದನಿ ಮೆತ್ತಗಿತ್ತು, ಸಿಟ್ಟಿರಲಿಲ್ಲ. "ನಿಮ್ಮ ಅಪ್ಪಗ ಹೇಳು. ಮುಧೋಳದ ಮನಿ ಗೊತ್ತ ಮಾಡಿ ಆಗೇತಿ. ಒಂದನೇ ತಾರೀಖ ಹೊಕ್ಕೇವಿ. ಹಬ್ಬ ಹುಣ್ಣಿವಿಗಿ ಬರತೇವಿ ಅಂತ ಹೇಳು."

ಈರಪ್ಪ ಅಷ್ಟು ಹತ್ತಿರ ನಿಂತಿದ್ದ, ಕೈ ಚಾಚಿದರೆ ಇಬ್ಬರಿಗೂ ತಾಗುತ್ತಿತ್ತು. ಅವನಿಗೆ ಕೇಳಿಸಿತ್ತು. ಆದರೂ ಅವನು ನಿಧಾನವಾಗಿ ಗೋಡೆಯ ಕಡೆ ಮುಖ ಮಾಡಿ ನಿಂತ, ಹೇಳುವವರು ಹೇಳಲಿ ಎಂದು ಕಾಯುವವನಂತೆ. ಪಾತ್ರೆಯಲ್ಲಿ ಚಹಾ ಆರುತ್ತಿತ್ತು. ಶೈಲಾ ಸೋಸುವ ಬಟ್ಟೆಯನ್ನು ಕೆಳಗಿಟ್ಟಳು.

"ಅಪ್ಪಾ," ಎಂದಳು. "ಕಾಕಿ ಹೊಕ್ಕಾಳಂತ."